ಧ್ವನಿಯಂತ್ರಗಳ ಗುಣಪರೀಕ್ಷೆ

ಚಿನ್ನವನ್ನು ಒರೆಗಲ್ಲಿನಿಂದಲೂ, ರತ್ನವನ್ನು ಕಾಂತಿ ಕಾಠಿಣ್ಯಗಳಿಂದಲೂ, ಕುದುರೆಯನ್ನು ಅದರ ನಡೆಯಿಂದಲೂ ಪರೀಕ್ಷಿಸಿ ಬೆಲೆಕಟ್ಟುವ ಕ್ರಮವು ನಮ್ಮ ದೇಶದಲ್ಲಿ ಬಹು ಪುರಾತನವಾದುದು. ರತ್ನಪರೀಕ್ಷೆ, ಅಶ್ವಲಕ್ಷಣ ಮೊದಲಾದ ಹೆಸರುಗಳಿಂದ ಇವುಗಳಿಗೆ ಪ್ರತ್ಯೇಕ ಶಾಸ್ತ್ರಗಳೇ ಹುಟ್ಟಿಕೊಂಡುವು. ಆದರೆ ಸಂಗೀತವನ್ನು ಮನೆಗೆ ತಂದುಕೊಡುವ ಯಂತ್ರಕ್ಕೆ ಒರೆಗಲ್ಲು ಯಾವುದು? ಕೇಳುವವನ ಕಿವಿಯೆ? ಅಳತೆಯ ಉಪಕರಣವೆ? ಬಲ್ಲವರೆನಿಸಿಕೊಂಡವರ ಮಾತೆ? ಅಥವಾ ಅಂಗಡಿಯವನು ಅಂಟಿಸಿದ ಬೆಲೆಯ ಚೀಟಿಯೆ? ಇಂದು ಒಂದು ಜೊತೆ ಧ್ವನಿವರ್ಧಕಗಳಿಗೆ ಹಲವು ಸಾವಿರ ರೂಪಾಯಿಗಳಿಂದ ಹಿಡಿದು ಲಕ್ಷಾಂತರ ರೂಪಾಯಿಗಳವರೆಗೆ ಬೆಲೆಯುಂಟು. ಸಂಗೀತಪ್ರಿಯರಾದ ಗೃಹಸ್ಥರು ವರ್ಷಗಟ್ಟಲೆ ಕೂಡಿಟ್ಟ ಹಣವನ್ನು ಇವುಗಳಿಗಾಗಿ ವ್ಯಯಿಸುವುದೂ ಉಂಟು. ಹೀಗಿರುವಲ್ಲಿ ಈ ಪ್ರಶ್ನೆಯನ್ನು ವಿಲಾಸಿಗಳ ಹರಟೆಯೆಂದು ತಳ್ಳಿಹಾಕುವುದು ಸರಿಯಲ್ಲ.

ಹಣದ ಮಾತು ಹಾಗಿರಲಿ. ಇದರ ಒಳಗೆ ಇನ್ನೊಂದು ಗಹನವಾದ ವಿಚಾರವು ಅಡಗಿಕೊಂಡಿದೆ. ಸುಳ್ಳಾಡುವ ಸ್ವಭಾವವಿಲ್ಲದ, ಸಂಗೀತವನ್ನು ಬಲ್ಲ, ಕಿವಿ ಚೆನ್ನಾಗಿರುವ ಮನುಷ್ಯನೊಬ್ಬನು “ಇದು ಅದಕ್ಕಿಂತ ಉತ್ತಮ, ನಾನೇ ಕೇಳಿದೆನು” ಎಂದು ಮನಃಪೂರ್ವಕವಾಗಿ ಹೇಳುತ್ತಾನೆ. ಆ ಮಾತು ಎಷ್ಟರಮಟ್ಟಿಗೆ ಪ್ರಮಾಣ? ಪ್ರತ್ಯಕ್ಷವೇ ಪ್ರಮಾಣಗಳಲ್ಲಿ ಜ್ಯೇಷ್ಠವೆಂದು ಪಾಠಶಾಲೆಗಳಲ್ಲಿ ಕಲಿತವರಿಗೆ ಈ ಪ್ರಶ್ನೆಯು ಸುಮ್ಮನೆ ಬಿಡತಕ್ಕದ್ದಲ್ಲ. ನೂರು ವರ್ಷಗಳಿಗೂ ಮೀರಿದ ಧ್ವನಿಯಂತ್ರಗಳ ಇತಿಹಾಸವು ಇದಕ್ಕೆ ಕೊಟ್ಟಿರುವ ಉತ್ತರವನ್ನು ವಾಚಕರ ಮುಂದಿಡುವುದೇ ಈ ಲೇಖನದ ಉದ್ದೇಶ.

ಅಮೆರಿಕಾ ದೇಶದ ಥಾಮಸ್ ಆಲ್ವಾ ಎಡಿಸನ್ನನು 1877ರಲ್ಲಿ ತಗಡಿನ ಹಾಳೆಯ ಮೇಲೆ ಮನುಷ್ಯನ ಮಾತನ್ನು ಗೀಚಿ ಮರಳಿ ಕೇಳಿಸಿದನಷ್ಟೆ. ಹತ್ತು ವರ್ಷಗಳ ತರುವಾಯ, 1887ರಲ್ಲಿ, ಎಮಿಲ್ ಬರ್ಲಿನರ್ ಎಂಬಾತನು ಚಪ್ಪಟೆಯಾದ ತಟ್ಟೆಯನ್ನು ಉಪಯೋಗಿಸುವ ಗ್ರಾಮಫೋನನ್ನು ನಿರ್ಮಿಸಿದನು. ಇವೆರಡಕ್ಕೂ ಬೆಳೆದ ಪೈಪೋಟಿಯಲ್ಲಿ ಎಡಿಸನ್ನನು 1912ರಲ್ಲಿ ವಜ್ರದ ಮುಳ್ಳಿನಿಂದ ನುಡಿಸುವ ಹೊಸ ತಟ್ಟೆಗಳನ್ನು ಹೊರತಂದನು. ತನ್ನ ಯಂತ್ರವು ಉಳಿದವುಗಳಿಗಿಂತ ಮೇಲೆಂದು ಜನರಿಗೆ ಮನದಟ್ಟು ಮಾಡಿಕೊಡಲು ಅವನ ಸಂಸ್ಥೆಯವರು 1915ರಿಂದ ಸುಮಾರು ಹತ್ತು ವರ್ಷಗಳ ಕಾಲ ಊರೂರುಗಳಲ್ಲಿ ಒಂದು ವಿಚಿತ್ರವಾದ ಸಭೆಯನ್ನು ಏರ್ಪಡಿಸುತ್ತ ಬಂದರು. ಇದಕ್ಕೆ ‘ನಾದಪರೀಕ್ಷೆ’ ಎಂಬ ಅರ್ಥದ ಹೆಸರಿತ್ತು. ರಂಗದ ಮೇಲೆ ಯಂತ್ರ. ಅದರ ಪಕ್ಕದಲ್ಲಿ ಗಾಯಕಿ. ಆಕೆಯು ಯಂತ್ರದೊಡನೆ ಹಾಡುವಳು. ನಡುನಡುವೆ ಬಾಯಿ ಮುಚ್ಚುವಳು. ಯಂತ್ರವು ತಾನೊಂದೇ ಹಾಡುತ್ತಿರುವುದು. ಕೆಲವು ವೇಳೆ ದೀಪಗಳನ್ನು ಆರಿಸುವರು. ಮರಳಿ ದೀಪ ಬೆಳಗಿದಾಗ ಗಾಯಕಿಯು ರಂಗದಲ್ಲಿಯೇ ಇರುತ್ತಿರಲಿಲ್ಲ. ಹಾಡುತ್ತಿದ್ದುದು ಯಂತ್ರವೆಂದು ತಿಳಿದು ಸಭಿಕರು ಬೆರಗಾಗುವರು. 1916ರಲ್ಲಿ ನ್ಯೂಯಾರ್ಕಿನ ಕಾರ್ನೆಗೀ ಹಾಲಿನಲ್ಲಿ ಮೇರಿ ರ್‍ಯಾಪೋಲ್ಡ್ ಎಂಬ ಪ್ರಸಿದ್ಧ ಗಾಯಕಿಯು ಹೀಗೆ ಹಾಡಿದಳು. ಇಂಥ ಸಭೆಗಳು ಸಾವಿರಗಟ್ಟಲೆ ನಡೆದುವು. ಯಂತ್ರಕ್ಕೂ ಮನುಷ್ಯಕಂಠಕ್ಕೂ ಭೇದವೇ ತಿಳಿಯಲಿಲ್ಲವೆಂದು ಪತ್ರಿಕೆಗಳು ಬರೆದುವು.

ಆ ಯಂತ್ರವನ್ನೂ ಆ ತಟ್ಟೆಗಳನ್ನೂ ಈಗಲೂ ಕೇಳಬಹುದು. ಕೇಳಿದವರಲ್ಲಿ ಯಾರೊಬ್ಬರೂ ಅದನ್ನು ಎದುರಿಗಿರುವ ಮನುಷ್ಯನ ಕಂಠವೆಂದು ಭ್ರಮಿಸಲಾರರು. ಮನುಷ್ಯನ ಕಿವಿಯು ಸೆಕೆಂಡಿಗೆ ಸುಮಾರು 20ರಿಂದ 20,000 ಕಂಪನಗಳವರೆಗಿನ ನಾದವನ್ನು ಗ್ರಹಿಸಬಲ್ಲದು. ಕೊಳವೆಯ ಮುಂದೆ ಹಾಡಿ ಮುದ್ರಿಸುತ್ತಿದ್ದ ಆ ಕಾಲದ ಪದ್ಧತಿಯಲ್ಲಿ ಇದರ ನಡುವಣ ಒಂದು ಚಿಕ್ಕ ತುಂಡು, ಸುಮಾರು 2,500 ಕಂಪನಗಳ ಒಳಗಿನದು, ಮಾತ್ರವೇ ಚೆನ್ನಾಗಿ ಉಳಿಯುತ್ತಿತ್ತು. ಹಾಗಾದರೆ ಆ ಸಭಿಕರೆಲ್ಲರೂ ಮೂಢರೆ? ಅಥವಾ ಪತ್ರಿಕೆಯವರು ಲಂಚ ತಿಂದರೆ? ಹಾಗೆಣಿಸಬೇಕಾದುದಿಲ್ಲ. ಆ ಸಭೆಗಳಲ್ಲಿ ಬಹಳ ಸಲ ಹಾಡಿದ ಆನಾ ಕೇಸ್ ಎಂಬ ಗಾಯಕಿಯು ಹಲವು ದಶಕಗಳ ಅನಂತರ ಇದರ ಗುಟ್ಟನ್ನು ಹೇಳಿದಳು. ತಾನು ಎತ್ತರಿಸಿ ಹಾಡಿದ್ದರೆ ಯಂತ್ರದ ಧ್ವನಿಯನ್ನು ಮೀರಿಬಿಡುತ್ತಿದ್ದುದರಿಂದ, ತನ್ನ ಕಂಠವನ್ನೇ ಯಂತ್ರದ ಧ್ವನಿಗೆ ಒಪ್ಪುವಂತೆ ತಗ್ಗಿಸಿ ಹಾಡುತ್ತಿದ್ದಳಂತೆ! ಯಂತ್ರವು ಮನುಷ್ಯನನ್ನು ಅನುಕರಿಸಿತೆಂದು ಜನರು ತಿಳಿದರು. ವಾಸ್ತವದಲ್ಲಿ ಮನುಷ್ಯನು ಯಂತ್ರವನ್ನು ಅನುಕರಿಸಿದ್ದನು. ಎಡಿಸನ್ನನಿಗೆ ಬಾಲ್ಯದಿಂದಲೇ ಕಿವಿ ಮಂದವಾಗಿತ್ತೆಂಬುದೂ, ಆದರೂ ತಟ್ಟೆಗಳಿಗೆ ಹಾಡುವ ಗಾಯಕರನ್ನು ಆರಿಸುವ ಕೆಲಸವನ್ನು ತಾನೇ ಇಟ್ಟುಕೊಂಡಿದ್ದನೆಂಬುದೂ ಈ ಸಂದರ್ಭದಲ್ಲಿ ನೆನೆಯತಕ್ಕ ವಿಷಯ.

ನಮ್ಮ ದೇಶದ ಕಲಾವಿದರೂ ಈ ಕೊಳವೆಯ ಶಾಸನಕ್ಕೆ ಒಳಗಾದವರೇ. 1902ನೆಯ ನವೆಂಬರಿನಲ್ಲಿ ಫ್ರೆಡ್ ಗೈಸ್‌ಬರ್ಗ್ ಎಂಬ ಧ್ವನಿಮುದ್ರಕನು ಕಲ್ಕತ್ತೆಗೆ ಬಂದು ಗೋಹರ್ ಜಾನಳ ಗಾಯನವನ್ನು ಮುದ್ರಿಸಿದನು. ಗಂಟೆಗಟ್ಟಲೆ ವಿಸ್ತರಿಸುವ ರಾಗವನ್ನು ಆಕೆಯು ಮೂರು ನಿಮಿಷಗಳೊಳಗೆ ಅಡಗಿಸಿ, ಕೊಳವೆಯೊಳಕ್ಕೆ ಗಟ್ಟಿಯಾಗಿ ಹಾಡಿ, ಕೊನೆಯಲ್ಲಿ ತನ್ನ ಹೆಸರನ್ನು ಇಂಗ್ಲಿಷಿನಲ್ಲಿ ಕೂಗಿ ಹೇಳಬೇಕಾಗಿತ್ತು. ಆ ತಟ್ಟೆಗಳನ್ನು ಅಚ್ಚು ಹಾಕಿದುದು ಜರ್ಮನಿಯ ಹ್ಯಾನೋವರ್ ನಗರದಲ್ಲಿ. ಈ ಗೋಹರ್ ಜಾನಳು ಕೊನೆಗಾಲದಲ್ಲಿ ಮೈಸೂರು ಅರಮನೆಯ ಆಶ್ರಯವನ್ನು ಪಡೆದು 1930ನೆಯ ಜನವರಿಯಲ್ಲಿ ಮೈಸೂರಿನಲ್ಲಿಯೇ ತೀರಿಕೊಂಡಳು. ಅವಳ ತಟ್ಟೆಯನ್ನು ಇಂದು ಕೇಳುವವರು ಕಂಠವು ಕಿರಿದು, ಮಂದ್ರವು ಬಡವಾದುದು ಎಂದು ಹೇಳಿದರೆ ಅದು ಗಾಯಕಿಯ ದೋಷವೋ ಕೊಳವೆಯ ದೋಷವೋ? ಯಂತ್ರದ ಗುಣಪರೀಕ್ಷೆಯು ಏಕೆ ಅವಶ್ಯಕವೆಂಬುದು ಇದರಿಂದ ವಿಶದವಾಗುತ್ತದೆ. ಯಂತ್ರದ ಕೊರತೆಯು ಯಂತ್ರದ ಹೆಸರಿನಲ್ಲಿ ಲೆಕ್ಕಕ್ಕೆ ಬರುವುದಿಲ್ಲ; ಅದು ಕಲಾವಿದನ ಖಾತೆಗೆ ಬೀಳುತ್ತದೆ.

1925ರಲ್ಲಿ ಈ ಕಥೆಯು ತಿರುವನ್ನು ಪಡೆಯಿತು. ಅಮೆರಿಕಾದ ಬೆಲ್ ಪ್ರಯೋಗಶಾಲೆಯ ಮ್ಯಾಕ್ಸ್‌ಫೀಲ್ಡ್, ಹ್ಯಾರಿಸನ್ ಎಂಬಿಬ್ಬರು ಸಿದ್ಧಪಡಿಸಿದ ವಿದ್ಯುನ್ಮುದ್ರಣ ಪದ್ಧತಿಯು ಆಚರಣೆಗೆ ಬಂದು, ಕೊಳವೆಯ ಸ್ಥಾನದಲ್ಲಿ ಮೈಕ್ರೊಫೋನು ನಿಂತಿತು. ಮಂದ್ರವೂ ತಾರವೂ ಹಿಂದೆಂದೂ ಇಲ್ಲದಷ್ಟು ವಿಸ್ತಾರವಾಗಿ ತಟ್ಟೆಯೊಳಗೆ ಬಂದುವು. ಅದೇ ವರ್ಷದ ನವೆಂಬರಿನಲ್ಲಿ ವಿಕ್ಟರ್ ಸಂಸ್ಥೆಯವರು ‘ಆರ್ಥೊಫೋನಿಕ್’ ಎಂಬ ಹೊಸ ಯಂತ್ರವನ್ನು ಮಾರಾಟಕ್ಕೆ ತಂದರು. ಅದೇ ವರ್ಷ ರೈಸ್ ಮತ್ತು ಕೆಲ್ಲಾಗ್ ಎಂಬ ಇಬ್ಬರು ಎಂಜಿನಿಯರುಗಳು, ಅಯಸ್ಕಾಂತದ ನಡುವೆ ತಂತಿಯ ಸುರುಳಿಯು ಅಲುಗಿ ಕಾಗದದ ಶಂಕುವನ್ನು ನಡುಗಿಸುವ ಧ್ವನಿವರ್ಧಕವನ್ನು ಪ್ರಕಟಿಸಿದರು. ಇಂದು ನಮ್ಮ ಮನೆಗಳಲ್ಲಿರುವ ಧ್ವನಿವರ್ಧಕಗಳಲ್ಲಿ ಬಹುಪಾಲು ಈ ತತ್ತ್ವದಿಂದಲೇ ನಡೆಯುತ್ತವೆ.

ಆದರೆ ಹೊಸದನ್ನು ಎಲ್ಲರೂ ಸ್ವಾಗತಿಸಿದರೆಂದು ತಿಳಿಯಬಾರದು. 1923ರಲ್ಲಿ ಕಾಂಪ್ಟನ್ ಮೆಕೆಂಜಿ ಎಂಬ ಕಾದಂಬರಿಕಾರನು ಲಂಡನ್ನಿನಿಂದ ‘ದಿ ಗ್ರಾಮಫೋನ್’ ಎಂಬ ಪತ್ರಿಕೆಯನ್ನು ಹೊರಡಿಸಿದ್ದನು. ಮನೆಯಲ್ಲಿ ಸಂಗೀತ ಕೇಳುವವರು ಯಂತ್ರಗಳ ಗುಣದೋಷಗಳನ್ನು ಕುರಿತು ವಾದಿಸಲು ಅದೊಂದು ವೇದಿಕೆಯಾಯಿತು. ವಿದ್ಯುತ್ತಿನ ಧ್ವನಿಯು ಕರ್ಕಶವೆಂದೂ, ಹಳೆಯ ಕೊಳವೆಯ ಧ್ವನಿಯೇ ಮಧುರವೆಂದೂ ವಾದಿಸಿದವರಿದ್ದರು. ಇಂಥವರಿಗಾಗಿ ಲಂಡನ್ನಿನ ಇ.ಎಂ.ಜಿ. ಎಂಬ ಚಿಕ್ಕ ಸಂಸ್ಥೆಯವರು ಕಾಗದದ ತಿರುಳಿನಿಂದ ಮಾಡಿದ ಬಹು ದೊಡ್ಡ ಕೊಳವೆಯುಳ್ಳ ಗ್ರಾಮಫೋನುಗಳನ್ನು ಕೈಯಿಂದಲೇ ನಿರ್ಮಿಸಿಕೊಡುತ್ತಿದ್ದರು. ಉಕ್ಕಿನ ಮುಳ್ಳು ತಟ್ಟೆಯನ್ನು ಕೊರೆಯುವುದೆಂದು ಬಿದಿರಿನ ಮುಳ್ಳನ್ನು ಪ್ರತಿಸಲವೂ ಚೂಪುಮಾಡಿ ಉಪಯೋಗಿಸುವರು. ಉತ್ಕೃಷ್ಟವಾದ ಗೃಹಧ್ವನಿಯಂತ್ರಕ್ಕಾಗಿ ಹಣವನ್ನೂ ತಾಳ್ಮೆಯನ್ನೂ ಧಾರೆಯೆರೆಯುವ ರಸಿಕರ ವಂಶವು ಇವರಿಂದಲೇ ಮೊದಲಾಯಿತೆನ್ನಬಹುದು.

ಈ ಹಳಬರ ರುಚಿಯು ಕೇವಲ ಅಭ್ಯಾಸಬಲವೋ, ಅಥವಾ ಅದರಲ್ಲಿ ಏನಾದರೂ ಸತ್ಯವಿತ್ತೋ? ಇಪ್ಪತ್ತು ವರ್ಷಗಳ ತರುವಾಯ ಈ ಸಂಶಯವು ಒಂದು ಸ್ವಾರಸ್ಯವಾದ ಪ್ರಯೋಗಕ್ಕೆ ಕಾರಣವಾಯಿತು. 1945ರಲ್ಲಿ ಅಮೆರಿಕಾದ ಒಂದು ರೇಡಿಯೊ ಸಂಸ್ಥೆಯ ಚಿನ್ ಮತ್ತು ಐಸೆನ್‌ಬರ್ಗ್ ಎಂಬುವರು ಶ್ರೋತೃಗಳಿಗೆ ಒಂದೇ ಸಂಗೀತವನ್ನು ಸಂಕುಚಿತವಾದ ಸ್ವರವ್ಯಾಪ್ತಿಯಲ್ಲಿಯೂ ವಿಸ್ತಾರವಾದ ವ್ಯಾಪ್ತಿಯಲ್ಲಿಯೂ ಕೇಳಿಸಿ ಯಾವುದು ಹಿತವೆಂದು ವಿಚಾರಿಸಿದರು. ಬಹುಮಂದಿ ಸಂಕುಚಿತವಾದುದನ್ನೇ ಮೆಚ್ಚಿದರು! ಜನರಿಗೆ ಉತ್ತಮವಾದ ಧ್ವನಿಯೇ ಬೇಡವೆಂದು ಕೆಲವರು ತೀರ್ಮಾನಿಸಿಬಿಟ್ಟರು. ಆದರೆ ಹ್ಯಾರಿ ಓಲ್ಸನ್ ಎಂಬ ವಿಜ್ಞಾನಿಯು ಇದನ್ನು ಒಪ್ಪಲಿಲ್ಲ. 1947ರಲ್ಲಿ ಪ್ರಕಟವಾದ ಅವನ ಪ್ರಯೋಗದ ಕ್ರಮ ಹೀಗಿತ್ತು: ಯಂತ್ರವನ್ನು ಸಂಪೂರ್ಣವಾಗಿ ಬಿಟ್ಟು, ಒಂದು ಚಿಕ್ಕ ವಾದ್ಯಗೋಷ್ಠಿಯನ್ನು ತೆರೆಯ ಹಿಂದೆ ಕುಳ್ಳಿರಿಸಿದನು. ವಾದಕರಿಗೂ ಶ್ರೋತೃಗಳಿಗೂ ನಡುವೆ, ಸೆಕೆಂಡಿಗೆ 5,000 ಕಂಪನಗಳಿಗೆ ಮೇಲ್ಪಟ್ಟ ನಾದವನ್ನು ತಡೆಯುವ ಬಾಗಿಲುಗಳಂಥ ಒಂದು ಶೋಧಕವನ್ನಿಟ್ಟನು. ಅದನ್ನು ತೆರೆದು ಮುಚ್ಚಿ ಮಾಡುತ್ತ, ಯಾವ ಸ್ಥಿತಿಯಲ್ಲಿ ಸಂಗೀತವು ಹಿತವೆಂದು ಕೇಳಿದನು. ಈ ಸಲ ಸುಮಾರು ಮೂರರಲ್ಲಿ ಎರಡು ಪಾಲು ಜನರು ತೆರೆದ ಸ್ಥಿತಿಯನ್ನೇ, ಎಂದರೆ ಪೂರ್ಣವಾದ ನಾದವನ್ನೇ, ಬೇಡಿದರು.

ಇದರಿಂದ ಏನು ಸಿದ್ಧಿಸಿತು? ಮೊದಲಿನ ಶ್ರೋತೃಗಳು ಒಲ್ಲೆವೆಂದುದು ತಾರಸ್ವರಗಳನ್ನಲ್ಲ. ಆ ಸ್ವರಗಳೊಡನೆ ಯಂತ್ರವು ಬೆರಸಿ ಕೊಡುತ್ತಿದ್ದ ವಿಕಾರವನ್ನು. ಕಲಬೆರಕೆಯ ಹಾಲನ್ನು ಕುಡಿದು ಬೇಸತ್ತವನು ಹಾಲೇ ಬೇಡವೆಂದಂತೆ ಅವರ ಮಾತು. ಕಿಟಕಿಯನ್ನು ಅಗಲಿಸಿದಷ್ಟೂ ಧೂಳೂ ಒಳಕ್ಕೆ ಬಂದರೆ, ಕಿಟಕಿ ಕಿರಿದಾಗಿರುವುದೇ ಲೇಸೆಂದು ಮನೆಯವರು ಹೇಳುವುದರಲ್ಲಿ ಆಶ್ಚರ್ಯವೇನು? ಆದುದರಿಂದ ಶ್ರೋತೃವಿನ ಮಾತನ್ನು ಅಲ್ಲಗಳೆಯಬಾರದು. ಆದರೆ ಅವನು ಯಾವುದನ್ನು ಕುರಿತು ಹೇಳುತ್ತಿದ್ದಾನೆಂಬುದನ್ನು ವಿವೇಚಿಸದೆ ನಿರ್ಣಯಕ್ಕೆ ಬರಲೂ ಬಾರದು. ಗುಣಪರೀಕ್ಷೆಯ ಇತಿಹಾಸದಲ್ಲಿ ಇಷ್ಟು ಬೆಳಕನ್ನು ಕೊಟ್ಟ ಪ್ರಯೋಗಗಳು ವಿರಳ.

ಈ ನಡುವೆ ಯಂತ್ರಗಳು ಶೀಘ್ರವಾಗಿ ಸುಧಾರಿಸಿದುವು. ಜಲಾಂತರ್ಗಾಮಿ ನೌಕೆಗಳ ಸದ್ದನ್ನು ಗುರುತಿಸುವ ಯುದ್ಧಕಾಲದ ಕಾರ್ಯದಿಂದ ಕಲಿತ ವಿದ್ಯೆಯನ್ನು ಇಂಗ್ಲೆಂಡಿನ ಡೆಕ್ಕಾ ಸಂಸ್ಥೆಯವರು ಸಂಗೀತಕ್ಕೆ ಬಳಸಿದರು. 1948ರಲ್ಲಿ ದೀರ್ಘಕಾಲ ನುಡಿಯುವ ತಟ್ಟೆಯು ಬಂದಿತು. ಎರಡು ಕಿವಿಗಳಿಗೆ ಎರಡು ವಾಹಿನಿಗಳೆಂಬ ತತ್ತ್ವವನ್ನು ಅಲನ್ ಬ್ಲೂಮ್‌ಲೈನ್ 1931ರಲ್ಲಿಯೇ ನಿರೂಪಿಸಿದ್ದರೂ ಅದು ತಟ್ಟೆಯ ರೂಪದಲ್ಲಿ ಪೇಟೆಗೆ ಬಂದುದು 1958ರ ಸುಮಾರಿಗೆ. ಯಾರ್ಕ್‌ಶೈರಿನ ಗಿಲ್ಬರ್ಟ್ ಬ್ರಿಗ್ಸ್ ಎಂಬ ಧ್ವನಿವರ್ಧಕ ತಯಾರಕನು 1954ರ ನವೆಂಬರಿನಲ್ಲಿ ಪೀಟರ್ ವಾಕರನ ನೆರವಿನಿಂದ ಲಂಡನ್ನಿನ ರಾಯಲ್ ಫೆಸ್ಟಿವಲ್ ಹಾಲಿನಲ್ಲಿ ತುಂಬಿದ ಸಭೆಯ ಮುಂದೆ ಯಂತ್ರವನ್ನೂ ಸಾಕ್ಷಾತ್ ವಾದಕರನ್ನೂ ಒಂದಾದ ಮೇಲೊಂದರಂತೆ ಕೇಳಿಸಿದನು. ಅಮೆರಿಕಾದ ಎಡ್ಗರ್ ವಿಲ್ಚರ್ 1954ರಲ್ಲಿ ಸ್ಥಾಪಿಸಿದ ಅಕೌಸ್ಟಿಕ್ ರಿಸರ್ಚ್ ಸಂಸ್ಥೆಯವರು 1960ರ ಸುಮಾರಿನಲ್ಲಿ ಫೈನ್ ಆರ್ಟ್ಸ್ ಎಂಬ ತಂತೀವಾದಕರ ಚತುಷ್ಟಯವನ್ನು ಕೂಡಿಕೊಂಡು ಇಂಥ ಹಲವು ಸಭೆಗಳನ್ನು ನಡೆಸಿದರು. ವಾದಕರು ಎಲ್ಲಿ ನಿಲ್ಲಿಸಿದರು, ಯಂತ್ರವು ಎಲ್ಲಿ ಆರಂಭಿಸಿತು ಎಂಬುದನ್ನು ಬಹುಮಂದಿ ಗುರುತಿಸಲಾರದೆ ಹೋದರು. ಎಡಿಸನ್ನನ ಸಭೆಯನ್ನೇ ಇದು ಹೋಲುವುದಾದರೂ, ಈ ಸಲ ವಾದಕರು ಯಂತ್ರಕ್ಕೆ ತಕ್ಕಂತೆ ತಮ್ಮ ನಾದವನ್ನು ಕುಗ್ಗಿಸಬೇಕಾಗಿರಲಿಲ್ಲ. ಯಂತ್ರವೇ ಅಷ್ಟು ದೂರ ನಡೆದು ಬಂದಿತ್ತು.

ಅನಂತರ ವಿಮರ್ಶಕರ ಯುಗವು ಬಂದಿತು. 1962ರಲ್ಲಿ ಗಾರ್ಡನ್ ಹೋಲ್ಟ್ ಎಂಬಾತನು ‘ಸ್ಟೀರಿಯೊಫೈಲ್’ ಎಂಬ ಪತ್ರಿಕೆಯನ್ನೂ, 1973ರಲ್ಲಿ ಹ್ಯಾರಿ ಪಿಯರ್‌ಸನ್ ಎಂಬಾತನು ‘ದಿ ಆ್ಯಬ್ಸಲ್ಯೂಟ್ ಸೌಂಡ್’ ಎಂಬ ಪತ್ರಿಕೆಯನ್ನೂ ಆರಂಭಿಸಿದರು. ಅಳತೆಯ ಕೋಷ್ಟಕಗಳನ್ನು ಮಾತ್ರ ಮುದ್ರಿಸುವುದರಿಂದ ಪ್ರಯೋಜನವಿಲ್ಲ. ಮನೆಯಲ್ಲಿಟ್ಟು ದಿನಗಟ್ಟಲೆ ಕೇಳಿ, ಕೇಳಿದುದನ್ನು ಮಾತಿನಲ್ಲಿ ವರ್ಣಿಸಬೇಕೆಂಬುದು ಇವರ ಮತ. ವಿದ್ಯುತ್ತಿನ ನೆರವಿಲ್ಲದೆ ನಿಜವಾದ ಸ್ಥಳದಲ್ಲಿ ನುಡಿಯುವ ವಾದ್ಯದ ನಾದವೇ ಪರಮಮಾನವೆಂದು ಪಿಯರ್‌ಸನ್ ಸಾರಿದನು. ಈ ಆದರ್ಶವು ಶ್ಲಾಘ್ಯವಾದುದೆಂಬುದರಲ್ಲಿ ಸಂಶಯವಿಲ್ಲ. ನಾದವನ್ನು ವರ್ಣಿಸುವುದಕ್ಕೆ ಒಂದು ಪರಿಭಾಷೆಯನ್ನೇ ಇವರು ಬೆಳೆಸಿಕೊಟ್ಟರು. ಆದರೆ ವಿಮರ್ಶಕನು ಯಂತ್ರದ ಹೆಸರನ್ನೂ ಬೆಲೆಯನ್ನೂ ಆಕಾರವನ್ನೂ ತಿಳಿದುಕೊಂಡೇ ಕೇಳುತ್ತಿದ್ದನು. ಇಲ್ಲಿಯೇ ತೊಡಕು.

ಈ ತೊಡಕನ್ನು ಬಿಡಿಸಲು ಕಣ್ಣಿಗೆ ಮರೆಮಾಡಿ ಕೇಳಿಸುವ ಪರೀಕ್ಷೆಗಳು ಹುಟ್ಟಿದುವು. ಕೆನಡಾ ದೇಶದ ರಾಷ್ಟ್ರೀಯ ಸಂಶೋಧನ ಮಂಡಲಿಯಲ್ಲಿದ್ದ ಫ್ಲಾಯ್ಡ್ ಟೂಲ್ ಎಂಬ ವಿಜ್ಞಾನಿಯು ಧ್ವನಿವರ್ಧಕಗಳನ್ನು ತೆರೆಯ ಹಿಂದಿಟ್ಟು ಕೇಳಿಸಿ ಅಂಕಗಳನ್ನು ಪಡೆದು, ಅದೇ ಧ್ವನಿವರ್ಧಕಗಳನ್ನು ಉಪಕರಣಗಳಿಂದಲೂ ಅಳೆದು, 1985 ಮತ್ತು 1986ರಲ್ಲಿ ಫಲಿತಾಂಶಗಳನ್ನು ಪ್ರಕಟಿಸಿದನು. ರುಚಿಯು ವ್ಯಕ್ತಿಗೊಂದು ಬಗೆಯೆಂಬ ನಾಣ್ಣುಡಿಯು ಇಲ್ಲಿ ಬಹುಮಟ್ಟಿಗೆ ಸುಳ್ಳಾಯಿತು. ಕಣ್ಣಿಗೆ ಮರೆಯಾದಾಗ, ಕಿವಿ ಚೆನ್ನಾಗಿರುವವರು ಹೆಚ್ಚು ಕಡಮೆ ಒಂದೇ ಯಂತ್ರಗಳನ್ನು ಮೆಚ್ಚಿದರು. ಯಾವ ಸ್ವರವನ್ನೂ ಉಬ್ಬಿಸದೆ ತಗ್ಗಿಸದೆ ಸಮವಾಗಿ, ಎದುರಿಗೂ ಪಕ್ಕಗಳಿಗೂ ಒಂದೇ ರೀತಿಯಾಗಿ ನಾದವನ್ನು ಹರಡುವ ಯಂತ್ರಗಳೇ ಅವು. ಕಿವಿಗೂ ಅಳತೆಗೂ ವಿರೋಧವಿದೆಯೆಂದು ಎರಡು ಪಕ್ಷದವರೂ ಬಹುಕಾಲ ವಾದಿಸಿದ್ದರಷ್ಟೆ. ಕಣ್ಣನ್ನು ನಡುವಿನಿಂದ ತೆಗೆದೊಡನೆ ಅವೆರಡೂ ಸಂಧಿ ಮಾಡಿಕೊಂಡುವು!

ಕಣ್ಣಿನ ಪ್ರಭಾವವೆಷ್ಟೆಂಬುದನ್ನು 1994ರಲ್ಲಿ ಟೂಲ್ ಮತ್ತು ಶಾನ್ ಆಲಿವ್ ಇಬ್ಬರೂ ಕೂಡಿ ಪರೀಕ್ಷಿಸಿದರು. ನಲವತ್ತು ಮಂದಿ ಶ್ರೋತೃಗಳು, ನಾಲ್ಕು ಧ್ವನಿವರ್ಧಕಗಳು. ಒಮ್ಮೆ ಕಾಣದಂತೆ, ಮತ್ತೊಮ್ಮೆ ಕಾಣುವಂತೆ ಕೇಳಿಸಿದರು. ದೊಡ್ಡವೂ ಬೆಲೆಬಾಳುವವೂ ಆದ ಯಂತ್ರಗಳಿಗೆ ಕಂಡಾಗ ಅಂಕಗಳು ಏರಿದುವು. ಸ್ಥಳವನ್ನು ಬದಲಾಯಿಸಿದುದರಿಂದ ನಾದದಲ್ಲಿ ಉಂಟಾದ ಭೇದವನ್ನು ಕಾಣದೆ ಕೇಳುವಾಗ ಗುರುತಿಸಿದ ಅವರೇ, ಕಂಡು ಕೇಳುವಾಗ ಅದನ್ನು ಗಮನಿಸದೆ ಹೋದರು. ಎಂದರೆ ಕಣ್ಣು ಇಲ್ಲದ ಗುಣವನ್ನು ಆರೋಪಿಸಿದುದಲ್ಲದೆ, ಇದ್ದ ಭೇದವನ್ನೂ ಮುಚ್ಚಿಬಿಟ್ಟಿತು. ಇವರೇನೂ ದಾರಿಹೋಕರಲ್ಲ, ಧ್ವನಿಯಂತ್ರಗಳನ್ನು ತಯಾರಿಸುವ ಸಂಸ್ಥೆಯೊಂದರ ನೌಕರರೇ.

ಇನ್ನೊಂದು ಉಪಾಧಿಯುಂಟು. ಎರಡು ಯಂತ್ರಗಳಲ್ಲಿ ಒಂದು ಮತ್ತೊಂದಕ್ಕಿಂತ ಎಳ್ಳಷ್ಟು ಗಟ್ಟಿಯಾಗಿ ನುಡಿದರೆ, ಕೇಳುವವನು ಅದನ್ನು ಗಟ್ಟಿಯೆಂದು ಹೇಳುವುದಿಲ್ಲ, ಉತ್ತಮವೆಂದು ಹೇಳುತ್ತಾನೆ. ಸದ್ದಿನ ಪ್ರಮಾಣವು ಬದಲಾದರೆ ಮಂದ್ರ ತಾರಗಳು ಕೇಳಿಸುವ ಪರಿಯೂ ಬದಲಾಗುವುದೆಂದು ಫ್ಲೆಚರ್ ಮತ್ತು ಮನ್ಸನ್ ಎಂಬುವರು 1933ರಲ್ಲಿಯೇ ತೋರಿಸಿಕೊಟ್ಟಿದ್ದರು. ಅಂಗಡಿಯಲ್ಲಿ ಕೇಳುವಾಗ ಮೊದಲು ವಿಚಾರಿಸತಕ್ಕದ್ದು ಇದನ್ನು.

ನ್ಯಾಯಶಾಸ್ತ್ರವನ್ನು ಅಲ್ಪಸ್ವಲ್ಪ ಓದಿದವರಿಗೆ ಇದಾವುದೂ ಹೊಸದೆನಿಸದು. ಗೌತಮ ಮಹರ್ಷಿಯು ಪ್ರತ್ಯಕ್ಷಕ್ಕೆ ಲಕ್ಷಣವನ್ನು ಹೇಳುವಾಗ ಇಂದ್ರಿಯಕ್ಕೂ ವಿಷಯಕ್ಕೂ ಸಂಬಂಧವಾದರೆ ಸಾಕೆನ್ನಲಿಲ್ಲ. ಆ ಜ್ಞಾನವು ಅವ್ಯಭಿಚಾರಿಯಾಗಿರಬೇಕೆಂದೂ ವಿಧಿಸಿದನು. ಕಾಮಾಲೆ ಹಿಡಿದವನಿಗೆ ಶಂಖವು ಹಳದಿಯಾಗಿ ಕಾಣುವುದೂ ಕಾಣಿಕೆಯೇ. ಅವನು ಸುಳ್ಳು ಹೇಳುತ್ತಿಲ್ಲ. ಆದರೂ ಶಂಖವು ಹಳದಿಯಲ್ಲ. ದೋಷವು ಅವನ ಸತ್ಯವಂತಿಕೆಯಲ್ಲಿಲ್ಲ, ಕಾರಣಸಾಮಗ್ರಿಯಲ್ಲಿದೆ. ಬೆಲೆಯೆಂಬುದೂ ಹೆಸರೆಂಬುದೂ ಒಂದು ಬಗೆಯ ಕಾಮಾಲೆಯೇ ಸರಿ. ಅದು ಸಜ್ಜನರನ್ನೂ ಪಂಡಿತರನ್ನೂ ಬಿಡುವುದಿಲ್ಲ. ಆದುದರಿಂದ ಮರೆಮಾಡಿ ಪರೀಕ್ಷಿಸೋಣವೆಂದರೆ ಯಾರನ್ನೂ ಅವಮಾನಿಸಿದಂತಾಗುವುದಿಲ್ಲ.

ಒಂದನ್ನು ಮಾತ್ರ ಬದಲಾಯಿಸಿ ಉಳಿದುದೆಲ್ಲವನ್ನೂ ಸಮವಾಗಿ ಇಡಬೇಕೆಂಬ ಅನ್ವಯವ್ಯತಿರೇಕ ಕ್ರಮಕ್ಕೆ ನಮ್ಮ ಸಂಗೀತಶಾಸ್ತ್ರದಲ್ಲಿಯೇ ಒಂದು ಭವ್ಯವಾದ ನಿದರ್ಶನವಿದೆ. ಭರತನು ನಾಟ್ಯಶಾಸ್ತ್ರದ 28ನೆಯ ಅಧ್ಯಾಯದಲ್ಲಿ ಇಪ್ಪತ್ತೆರಡು ಶ್ರುತಿಗಳನ್ನು ತೋರಿಸಿಕೊಡಲು ಎರಡು ವೀಣೆಗಳ ಪ್ರಯೋಗವನ್ನು ಹೇಳಿದ್ದಾನೆ. ಅಳತೆಯಲ್ಲಿಯೂ ತಂತಿಗಳಲ್ಲಿಯೂ ಶ್ರುತಿಯಲ್ಲಿಯೂ ಎರಡೂ ಸಮಾನವಾಗಿರಬೇಕು. ಒಂದನ್ನು ಮುಟ್ಟದೆ ಹಾಗೆಯೇ ಉಳಿಸಿಕೊಂಡು, ಮತ್ತೊಂದರ ಶ್ರುತಿಯನ್ನು ಮಾತ್ರ ಇಳಿಸುತ್ತ ಇಳಿಸುತ್ತ ಮೊದಲಿನದರೊಡನೆ ಹೋಲಿಸಿ ಕೇಳಬೇಕು. ಸ್ಥಿರವಾದ ಮಾನವೊಂದು, ಚಲಿಸುವ ವಸ್ತುವೊಂದು, ನಡುವೆ ಕಿವಿ. ಇದಕ್ಕಿಂತ ಶುದ್ಧವಾದ ಪರೀಕ್ಷಾಕ್ರಮವನ್ನು ಆಧುನಿಕರೂ ಕಂಡುಹಿಡಿದಿಲ್ಲ. ಭರತನು ಕಿವಿಯನ್ನು ತಿರಸ್ಕರಿಸಲಿಲ್ಲ. ಅದಕ್ಕೆ ನ್ಯಾಯವಾದ ಆಸನವನ್ನು ಕೊಟ್ಟನು.

ಆದರೆ ಪ್ರತಿಪಕ್ಷದ ಮಾತನ್ನೂ ಕೇಳಬೇಕು. ಮರೆಮಾಡಿದ ಪರೀಕ್ಷೆಯಲ್ಲಿ ಶ್ರೋತೃವಿನ ಮನಸ್ಸು ಪರೀಕ್ಷಾರ್ಥಿಯಂತೆ ಬಿಗಿಯಾಗಿರುತ್ತದೆ. ನಿಮಿಷಾರ್ಧದಲ್ಲಿ ಕಾಣದ ದೋಷವು ತಿಂಗಳುಗಟ್ಟಲೆ ಕೇಳಿದಾಗ ಬೇಸರವಾಗಿ ತೋರೀತು. ಆದುದರಿಂದ ಈ ಪರೀಕ್ಷೆಯು ಅಂತಿಮವಲ್ಲವೆಂದು ಅವರು ಹೇಳುತ್ತಾರೆ. ಇದರಲ್ಲಿ ಯುಕ್ತಿಯಿಲ್ಲದಿಲ್ಲ. 1982ರಲ್ಲಿ ಬಂದ ಕಾಂಪ್ಯಾಕ್ಟ್ ಡಿಸ್ಕು ನಾದವನ್ನು ಸೆಕೆಂಡಿಗೆ 44,100 ಸಲ ಅಳೆದು ದಾಖಲಿಸುತ್ತದೆ. ಇದಕ್ಕಿಂತ ಸೂಕ್ಷ್ಮವಾಗಿ ಅಳೆಯುವ ಪದ್ಧತಿಗಳು ಬಂದಾಗ, ಅದರಿಂದ ಕಿವಿಗೆ ಲಾಭವುಂಟೆ ಎಂಬ ವಿವಾದವೆದ್ದಿತು. ಮೇಯರ್ ಮತ್ತು ಮೊರಾನ್ ಎಂಬುವರು 2007ರಲ್ಲಿ ಪ್ರಕಟಿಸಿದ ಪರೀಕ್ಷೆಯಲ್ಲಿ 554 ಸಲ ಕೇಳಿಸಿದಾಗ 276 ಸಲ ಮಾತ್ರ ಉತ್ತರ ಸರಿಯಾಯಿತು. ನಾಣ್ಯವನ್ನು ಚಿಮ್ಮಿ ಹೇಳಿದ್ದರೂ ಅಷ್ಟೇ ಆಗುತ್ತಿತ್ತು. ಆದರೆ 2016ರಲ್ಲಿ ಜೋಶುವಾ ರೈಸ್ ಎಂಬ ಪ್ರಾಧ್ಯಾಪಕನು 18 ಪ್ರಯೋಗಗಳ, 12,500ಕ್ಕೂ ಹೆಚ್ಚಿನ ಉತ್ತರಗಳನ್ನು ಒಟ್ಟುಗೂಡಿಸಿ ನೋಡಿದಾಗ ನೂರಕ್ಕೆ 52.3ರಷ್ಟು ಸರಿಯುತ್ತರಗಳು ಬಂದುವು. ಭೇದವು ಶೂನ್ಯವಲ್ಲ, ಆದರೆ ಎಷ್ಟು ಕೃಶವೆಂಬುದನ್ನು ಸಂಖ್ಯೆಯೇ ಹೇಳುತ್ತದೆ. ಇಂಥ ಕೂದಲೆಳೆಯ ಭೇದಕ್ಕೆ ದುಡ್ಡು ಸುರಿಯುವ ಮೊದಲು, ಕೋಣೆಯಲ್ಲಿಯೇ ಕುಳಿತಿರುವ ಆನೆಯಂಥ ಭೇದವನ್ನು ಗಮನಿಸಬೇಕು.

ಆ ಆನೆಯು ಕೋಣೆಯೇ. ಹಾರ್ವರ್ಡ್ ವಿಶ್ವವಿದ್ಯಾನಿಲಯದ ಒಂದು ಉಪನ್ಯಾಸಮಂದಿರದಲ್ಲಿ ಮಾತು ಪ್ರತಿಧ್ವನಿಗಳಲ್ಲಿ ಕಲಸಿಹೋಗಿ ಕೇಳಿಸದಿದ್ದುದರಿಂದ, ಅದನ್ನು ಸರಿಪಡಿಸುವ ಕಾರ್ಯವು 1895ರಲ್ಲಿ ವಾಲೆಸ್ ಸಬೈನ್ ಎಂಬ ತರುಣ ಅಧ್ಯಾಪಕನಿಗೆ ಬಂದಿತು. ಅವನು ರಾತ್ರಿಯ ವೇಳೆಯಲ್ಲಿ ಬೇರೊಂದು ಮಂದಿರದ ಮೆತ್ತೆಗಳನ್ನು ಹೊರಿಸಿ ತಂದು ಹಾಸಿ, ಆರ್ಗನ್ ವಾದ್ಯದ ಕೊಳವೆಯೊಂದನ್ನು ನುಡಿಸಿ, ನಾದವು ಅಡಗುವುದಕ್ಕೆ ಎಷ್ಟು ಕಾಲ ಹಿಡಿಯುವುದೆಂದು ಗಡಿಯಾರದಿಂದ ಅಳೆದನು. ಇದರಿಂದ ಹುಟ್ಟಿದ ಸೂತ್ರವನ್ನು ಅನುಸರಿಸಿ ಕಟ್ಟಿದ ಬಾಸ್ಟನ್ನಿನ ಸಂಗೀತಮಂದಿರವು 1900ರಲ್ಲಿ ತೆರೆಯಿತು. ಇಂದಿಗೂ ಜಗತ್ತಿನ ಶ್ರೇಷ್ಠ ಮಂದಿರಗಳಲ್ಲಿ ಅದನ್ನು ಎಣಿಸುತ್ತಾರೆ. ನಮ್ಮ ಈಗಿನ ಮನೆಗಳು ಕಲ್ಲಿನ ಅಥವಾ ಹೊಳಪಿನ ಹಾಸು, ಗಾರೆಯ ಗೋಡೆ, ಕಾಂಕ್ರೀಟಿನ ಚಾವಣಿಗಳಿಂದ ಕೂಡಿದ್ದು ನಾದವನ್ನು ನುಂಗದೆ ಚೆಂಡಿನಂತೆ ಎಸೆದಾಡುತ್ತವೆ. ಇಂಥ ಕೋಣೆಯಲ್ಲಿ ದುಬಾರಿಯ ಯಂತ್ರವೂ ಕರ್ಕಶವಾಗುವುದು. ಒಂದು ದಪ್ಪವಾದ ಜಮಖಾನ, ಪುಸ್ತಕಗಳು ತುಂಬಿದ ಕಪಾಟು, ಕಿಟಕಿಗೆ ಭಾರವಾದ ಪರದೆ, ಧ್ವನಿವರ್ಧಕವನ್ನು ಮೂಲೆಯಿಂದ ಎರಡು ಮೊಳ ಈಚೆಗೆ ತರುವುದು ಇವುಗಳಿಂದ ಆಗುವ ಉಪಕಾರವು ಅನೇಕ ವೇಳೆ ಲಕ್ಷ ರೂಪಾಯಿಯ ಆಂಪ್ಲಿಫಯರಿನಿಂದಲೂ ಆಗದು.

ನಮ್ಮ ಸಂಗೀತವನ್ನು ಕೇಳುವವರಿಗೆ ಪರೀಕ್ಷೆಯ ಸಾಮಗ್ರಿಯು ಮನೆಯಲ್ಲಿಯೇ ಉಂಟು. ತಂಬೂರಿಯ ಕುದುರೆಯ ಮೇಲೆ ಇಡುವ ನೂಲಿನ ಜೀವಾಳದಿಂದ ಒಂದೇ ತಂತಿಯಲ್ಲಿ ಎಷ್ಟು ಅನುಸ್ವರಗಳು ಮೂಡುವುವೆಂಬುದನ್ನೂ, ಮೃದಂಗದ ಬಲಭಾಗದ ಕರಣೆಯು ಚರ್ಮವಾದ್ಯಕ್ಕೆ ತಂತಿಯಂಥ ಸುಸ್ವರವನ್ನು ಹೇಗೆ ಕೊಡುವುದೆಂಬುದನ್ನೂ ಸಿ.ವಿ. ರಾಮನ್ನರು 1920-21ರಲ್ಲಿಯೇ ಶೋಧಿಸಿ ಪ್ರಕಟಿಸಿದರು. ಸಮವಾಗಿಲ್ಲದ ಯಂತ್ರವು ತಂಬೂರಿಯ ಮಿಡಿತವನ್ನು ನೊಣದ ಗುಂಜಾರವವನ್ನಾಗಿ ಮಾಡುತ್ತದೆ. ಮಂದ್ರವನ್ನು ಉಬ್ಬಿಸುವ ಯಂತ್ರವು ಮೃದಂಗದ ಎಡಭಾಗದ ಗುಂಕಿಯನ್ನು ಡೋಲಿನ ಬಡಿತವಾಗಿಸುತ್ತದೆ. ಸಾಕ್ಷಾತ್ತಾಗಿ ಕಚೇರಿಯಲ್ಲಿ ಕೇಳಿ ಪರಿಚಯವಿರುವ ವಾದ್ಯವನ್ನೂ, ಬಲ್ಲ ಕಂಠವನ್ನೂ ಆರಿಸಿಕೊಂಡು, ಸದ್ದನ್ನು ಸಮವಾಗಿಸಿ, ಯಾವ ಯಂತ್ರವು ನುಡಿಯುತ್ತಿದೆಯೆಂದು ಕೇಳುವವರಿಗೆ ತಿಳಿಯದಂತೆ ಮನೆಯವರೊಬ್ಬರಿಂದ ಬದಲಾಯಿಸಿಸಿ ಕೇಳಿದರೆ, ಬೆಲೆಯ ಅರ್ಧಕ್ಕರ್ಧ ಮಾಯೆಯು ಹರಿದುಹೋಗುತ್ತದೆ. ಎರಡರಲ್ಲಿ ಭೇದವೇ ತಿಳಿಯದಿದ್ದರೆ ಕಡಮೆ ಬೆಲೆಯದನ್ನು ಕೊಂಡು, ಉಳಿದ ಹಣದಿಂದ ಕಚೇರಿಗಳಿಗೆ ಹೋಗಬಹುದು. ಯಂತ್ರವನ್ನು ಅಳೆಯುವ ಮಾನವು ದೊರೆಯುವುದು ಅಲ್ಲಿಯೇ ಅಲ್ಲವೆ?

ಈ ಪ್ರಸ್ತಾಪದಲ್ಲಿ ಕನ್ನಡಿಗರು ಅಭಿಮಾನದಿಂದ ಸ್ಮರಿಸತಕ್ಕ ಮಹನೀಯರೊಬ್ಬರಿದ್ದಾರೆ. ಮೈಸೂರಿನ ಜಯಚಾಮರಾಜ ಒಡೆಯರವರು ಕರ್ಣಾಟಕ ಸಂಗೀತದಲ್ಲಿ ವಾಗ್ಗೇಯಕಾರರಾಗಿದ್ದಂತೆಯೇ ಪಾಶ್ಚಾತ್ಯ ಸಂಗೀತದಲ್ಲಿಯೂ ಪರಿಶ್ರಮವುಳ್ಳವರಾಗಿದ್ದರು. ಅವರ ಅರಮನೆಯಲ್ಲಿ ಸುಮಾರು 20,000 ತಟ್ಟೆಗಳ ಭಂಡಾರವಿತ್ತೆಂದು ಅಂದಾಜು. ಲಂಡನ್ನಿನ ಧ್ವನಿಮುದ್ರಣ ಸಂಸ್ಥೆಯ ವಾಲ್ಟರ್ ಲೆಗ್ ಎಂಬಾತನು ಮೈಸೂರಿಗೆ ಬಂದಾಗ ಆ ಭಂಡಾರವನ್ನೂ ನಾನಾ ಬಗೆಯ ಧ್ವನಿವರ್ಧಕಗಳನ್ನೂ ಕಂಡು ವಿಸ್ಮಿತನಾಗಿ ಬರೆದಿಟ್ಟನು. ಲಂಡನ್ನಿನಲ್ಲಿ ಬಡತನ ಅನಾರೋಗ್ಯಗಳಿಂದ ನವೆಯುತ್ತಿದ್ದ ನಿಕೊಲಾಯ್ ಮೆಡ್ನರ್ ಎಂಬ ರಷ್ಯಾದೇಶದ ವಾಗ್ಗೇಯಕಾರನ ಕೃತಿಗಳನ್ನು, 1940ರ ದಶಕದ ಕೊನೆಯ ವರ್ಷಗಳಲ್ಲಿ, ಮಹಾರಾಜರು ತಮ್ಮ ಧನದಿಂದ ಅವನ ಕೈಯಿಂದಲೇ ನುಡಿಸಿ ಮುದ್ರಿಸಿದರು. ಕೃತಜ್ಞನಾದ ಮೆಡ್ನರನು ತನ್ನ ಮೂರನೆಯ ಪಿಯಾನೊ ಕಂಚರ್ಟೊವನ್ನು ಅವರಿಗೆ ಅರ್ಪಿಸಿ, 1951ರಲ್ಲಿ ತೀರಿಕೊಂಡನು.

ರಿಚರ್ಡ್ ಸ್ಟ್ರಾಸನ ಕಡೆಯ ನಾಲ್ಕು ಗೀತೆಗಳು 1950ನೆಯ ಮೇ 22ರಂದು ಲಂಡನ್ನಿನಲ್ಲಿ ಮೊತ್ತಮೊದಲು ಹಾಡಲ್ಪಟ್ಟುದಕ್ಕೂ ಧನದ ಭರವಸೆಯನ್ನಿತ್ತವರು ಒಡೆಯರವರೇ. ಕಿರ್ಸ್ಟನ್ ಫ್ಲಾಗ್‌ಸ್ಟಾಡ್ ಹಾಡಿದ, ಫುರ್ಟ್‌ವೆಂಗ್ಲರ್ ನಡೆಸಿದ ಆ ಕಚೇರಿಯನ್ನು ಮುದ್ರಿಸಿ ಮೈಸೂರಿಗೆ ಕಳುಹಿಸಬೇಕೆಂದು ಅವರು ಕೋರಿದ್ದರು. ಆ ಕಚೇರಿಯ ಮುದ್ರಿಕೆಯು ಇಂದಿಗೂ ದೊರೆಯುತ್ತದೆ. ಅದರ ನಾದವು ಮಸುಕಾದುದು. ಸವೆತದ ಸದ್ದುಗಳು ಅದರ ಮೇಲೆ ಮರಳಿನಂತೆ ಸುರಿಯುತ್ತವೆ. ಎಂಥ ಯಂತ್ರವೂ ಆ ಮರಳನ್ನು ಪೂರ್ಣವಾಗಿ ಸೋಸಿ ತೆಗೆಯಲಾರದು. ಹಾಗಿದ್ದರೂ ಕಂಠವು ಎದ್ದು ಬರುವ ಆ ಕ್ಷಣಗಳಿಗಾಗಿ ಜಗತ್ತಿನ ರಸಿಕರು ಅದನ್ನು ಹುಡುಕಿಕೊಂಡು ಹೋಗಿ ಕೇಳುತ್ತಾರೆ. ಸಮವಾದ ಯಂತ್ರವು ಮಾಡಬಹುದಾದುದಿಷ್ಟೆ: ಕಾಲವು ಉಳಿಸಿಕೊಟ್ಟಿರುವ ಕಂಠಕ್ಕೆ ತನ್ನದೊಂದು ದೋಷವನ್ನು ಸೇರಿಸದಿರುವುದು. ಅಂಥ ಯಂತ್ರವು ಅಲ್ಪ ಬೆಲೆಗೆ ದೊರೆತರೆ ಸಂತೋಷ. ಹೆಚ್ಚಿನ ಬೆಲೆಯನ್ನು ಕೊಡಬೇಕಾಗಿ ಬಂದರೆ, ಕಿವಿಯು ಒಪ್ಪಿದ ಮೇಲೆ ಕಣ್ಣು ತೆರೆದು ಕೊಡೋಣ.